ಸಿದ್ದಿಯ ಸೌತೆಕಾಯಿ ಬೊಂಬೆ

ಶ್ರೀಮಂಗಲದ ಕಟ್ಟೆಯ ಮೇಲೆ ಮಡಿಕೇರಿ ಬಸ್ಸಿಗಾಗಿ ಕಾದು ಕುಳಿತಿದ್ದ ಮೇಷ್ಟರ ಮಗಳು ಮನೋರಮಾ, ಪಕ್ಕದಲ್ಲಿ ಜಗಳ ಶುರುವಾದದ್ದೇ ತಡ, ಕೈಲಿದ್ದ ಪುಸ್ತಕದ ಹಾಳೆ ತಿರುಗಿಸುವುದನ್ನೇ ಮರೆತಳು. ಎಸ್ಟೇಟಿನ ಕೂಲಿ ಲೈನಿನ ಮಾದಜ್ಜಿಗೂ ಆಕೆಯ ಆರು ವರ್ಷದ ಮೊಮ್ಮಗಳು ಸಿದ್ದಿಗೂ ಬೊಂಬೆಯ ಮೇಲೆ ಮಾತು ಹತ್ತಿಕೊಂಡಿತ್ತು.

“ದೊರೆ ಮಗಳ ಹತ್ರ ಇದ್ಯಲ್ಲ, ಗೌನು ಹಾಕಿರೋದು, ಅಂಥ ಬೊಂಬೆ ಬೇಕು ಅಜ್ಜಿ.”

“ಅದು ಸೀಮೆಯಿಂದ ಹಡಗಲ್ಲಿ ಬಂದದ್ದು ಕಣೇ, ನಮ್ಮ ಕೈಗೆ ಸಿಕ್ತದಾ? ನಿಂಗೆ ಸೌತೆಕಾಯಿಗೆ ಮಸಿಯಲ್ಲಿ ಕಣ್ಣು ಬರೆದು ಕೊಟ್ಟಿರ್ಲಿಲ್ವಾ?”

“ಕೊಟ್ಟೆ. ಆಮೇಲೆ ಸಾರು ಮಾಡಿದೆ.”

“ಸಾರಿಗಂತ ಮಾಡಿನ ಜಂತಿಗೆ ಕಟ್ಟಿದ್ದ ಸೌತೆಕಾಯಿಗಳ ಸಾಲಲ್ಲಿ ಅದನ್ನೂ ಯಾಕೆ ತೂಗುಹಾಕಿದೆ?”

“ಅವಳ ಅಕ್ಕತಂಗೇರ ಜೊತೆ ಆಡ್ಲಿ ಅಂತ.”

“ನೆಂಟ್ರು ಬಂದ ಗಡಿಬಿಡೀಲಿ ನಾನು ಮುಖ ನೋಡ್ಲಿಲ್ಲ ಮಗಾ.”

“ಮಾವ ಎರಡೆರಡು ಸಲ ಹಾಕಿಸ್ಕೊಂಡ್ರು!”

“ನೀನೂ ಉಂಡೆಯಲ್ಲೇ!”

“ಉಂಡಾದ್ಮೇಲೆ ಗೊತ್ತಾಯ್ತು.”

ಮನೋರಮಾ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಆಯ್ತು ಬಿಡು, ಇನ್ನೊಂದು ಸೌತೆಕಾಯಿ ಕೊಡ್ತೇನೆ.”

“ಬೇಡ. ಗೌನೂ ಬೇಡ. ಬೇಯದೇ ಇರೋದು ಕೊಡು. ಆ ತೆಂಗಿನ ಚಿಪ್ಪಿನ ಸೌಟು ಇದ್ಯಲ್ಲ, ಅದರ ಮುಖ ಗುಂಡಗಿದೆ. ಅದೇ ಸಾಕು.”

“ಅಯ್ಯೋ, ಅದನ್ನ ನಿಂಗೆ ಕೊಟ್ರೆ ನಾನು ಗಂಜಿ ಎಂಥದ್ರಲ್ಲಿ ಬಡಿಸ್ಲಿ?”

ಅಷ್ಟರಲ್ಲಿ ಕುಟ್ಟದ ಬಸ್ಸು ಬಂದು ನಿಂತಿತು. ಮಾದಜ್ಜಿ ಗಂಟು ಎತ್ತಿಕೊಂಡು ಎದ್ದಳು. ಹಿಂದೆಯೇ ಹೋದ ಸಿದ್ದಿ ಬಸ್ಸು ಹತ್ತುತ್ತಾ, ಮಗಳನ್ನು ಮೊದಲ ಸಲ ಕೆಲಸಕ್ಕೆ ಕಳಿಸುವ ತಾಯಿಯ ಗಾಂಭೀರ್ಯದಲ್ಲಿ ಹೇಳಿದಳು:

“ಗಂಜಿ ಬಡಿಸೋವಾಗ ಬಂದು ಕೇಳು, ಕಳಿಸ್ತೇನೆ. ಆದ್ರೆ ಅವಳು ಮಲಗಿದ್ರೆ ಎಬ್ಬಿಸ್ಬೇಡ.”