ಒಣಶೆಟ್ಲಿಯಲ್ಲಿ ನಾಯಿ ಕೂದಲು

ಕಾರವಾರದ ರೇಷನ್ ಅಂಗಡಿಯ ಸಾಲಿನಲ್ಲಿ ಭವ್ಯಾಳ ಮುಂದೆಯೇ ಜಗಳ ಹತ್ತಿಕೊಂಡಿತ್ತು. ಒಬ್ಬಳು ಕಡಲ ದಂಡೆಯಲ್ಲಿ ಶೆಟ್ಲಿ ಎಂಬ ಸಣ್ಣ ಸಿಗಡಿ ಒಣಗಿಸಿ ಮಾರುವ ಮಂಜಿ. ಇನ್ನೊಬ್ಬಳು ಒಳನಾಡಿನ ಮಲ್ಲಾಪುರದ ಕ್ವಾರ್ಟರ್ಸ್ ಬಿಟ್ಟು ಮಂಜಿಯ ಪಕ್ಕದ ಮನೆಗೆ ಬಾಡಿಗೆಗೆ ಬಂದ ಮಾನಸಾ.

"ನಿನ್ನೆ ಮಾರಿದ ಶೆಟ್ಲಿ ಅಷ್ಟೂ ವಾಪಸ್ ಬಂತು. ಎಲ್ಲಾದ್ರಲ್ಲೂ ನಿನ್ನ ನಾಯಿ ಕೂದ್ಲು."

"ಚಳಿ ಬಿಡೋ ಹೊತ್ತಿಗೆ ಅದರ ಕೂದ್ಲು ಉದುರೋದೇ ಅಕ್ಕಾ. ಅದಕ್ಕೇ ದಿನಾ ಬಾಚ್ತೀನಿ."

"ಬಾಚಿದ್ದು ಎಲ್ಲಿ ಹಾಕ್ತಿ?"

"ಹಾಕೋದೇನು, ಹಾರಿ ಹೋಗುತ್ತೆ."

"ಹಾರಿ ಎಲ್ಲಿಗೆ ಹೋಗ್ತದೆ ಅಂತ ಕೇಳ್ದೆ."

ಭವ್ಯಾ ಚೀಲ ಮಡಚುವ ನೆಪದಲ್ಲಿ ತಲೆ ತಗ್ಗಿಸಿದಳು.

"ಒಳಗೆ ಬಾಚಿದ್ರೆ ಅನ್ನದಲ್ಲಿ ಬೀಳುತ್ತೆ. ಬೋಳಿಸಬೇಡಿ ಅಂತಾರೆ ಡಾಕ್ಟರು. ನಾನೇನು ಮಾಡ್ಲಿ?"

"ಯಾವ ಹೊತ್ತಿಗೆ ಬಾಚೂದು?"

"ಊಟ ಆದ್ಮೇಲೆ, ಮೂರು ಗಂಟೆಗೆ. ದಂಡೆ ಮೇಲೆ."

"ಮಧ್ಯಾಹ್ನದ ಗಾಳಿ ಕಡಲಿಂದ ಸೀದಾ ಶೆಟ್ಲಿ ಹರಡಿದ ನನ್ನ ಚಾಪೆಗೇ ಬರ್ತದೆ. ಬೆಳಗಾತ ಗಾಳಿ ಕಡಲ ಕಡೆಗೆ, ಆಗ ಬಾಚಿದ್ರೆ ನೀರಿಗೆ ಹೋಗ್ತಿತ್ತು. ದಂಡೆಯಲ್ಲಿ ಮನೆ ಮಾಡಿದವ್ಳಿಗೆ ಇಷ್ಟೂ ಗೊತ್ತಿಲ್ವ?"

"ಬೆಳಿಗ್ಗೆ ಡಬ್ಬಿ ಕಟ್ಟಬೇಕು, ಮಗೂನ ಶಾಲೆಗೆ ಕಳಿಸಬೇಕು. ಪುರುಸೊತ್ತೆಲ್ಲಿದೆ ನಂಗೆ?"

"ಹಾಂಗಾದ್ರೆ ನಾಳೆಯಿಂದ ಬೆಳಗಾತ ಆರಕ್ಕೆ ನಾಯಿ ತಂದು ನನ್ನ ಅಂಗಳದಲ್ಲಿ ಕಟ್ಟು. ಹಣಿಗೆನೂ ಇಡು. ನಾನೇ ಬಾಚ್ತೆ."

"ಅದು ಹೊಸಬ್ರನ್ನ ಕಚ್ಚುತ್ತೆ ಅಕ್ಕಾ."

ಅಷ್ಟರಲ್ಲಿ ಅಕ್ಕಿ ತೂಗಿಸಿಕೊಂಡಿದ್ದ ಮಂಜಿ ಚೀಲವನ್ನು ಸೊಂಟಕ್ಕೇರಿಸಿ ಹೊರಟೇಬಿಟ್ಟಳು. ತಿರುಗಿಯೂ ನೋಡದೆ ಹೇಳಿದಳು:

"ಕಚ್ಲಿ. ನಿನ್ನ ಹತ್ರ ಬಾಯಿ ಬಡ್ಕೊಳ್ಳೂದಕ್ಕಿಂತ ಅದೇ ಸುಖ."