ಬೆನ್ನು ತಟ್ಟುವ ಕೈ

ಈ ಸಂಜೆಯ ಅಧ್ಯಕ್ಷರಾದ ಶ್ರೀ ವ್ಯಾಸರಾಜ ಅವರೇ, ಓಕ್‌ಲ್ಯಾಂಡಿನಿಂದ ಬಂದಿರುವ ಮುಖ್ಯ ಅತಿಥಿ ಶ್ರೀಮತಿ ರೂತ್ ಕೋಲ್ಮನ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಎಚ್ಚರಿಸುತ್ತಿರುವ ನನ್ನ ಧರ್ಮಪತ್ನಿ ಇಂದು ಅವರೇ, ಬಿಸಿಬೇಳೆಬಾತಿನ ಘಮಲನ್ನು ಸಹಿಸಿಕೊಂಡು ನನ್ನ ಮಾತಿಗೆ ಕಾದಿರುವ ಫ್ರೀಮಾಂಟಿನ ಕನ್ನಡ ಸಭಿಕರೇ,

ಈ ಶಾಲು, ಈ ಹಾರ, ‘ಸಮಾನತಾ ಬಂಧು’ ಎಂಬ ಈ ಬಿರುದು! ಅನಂತಪದ್ಮನಾಭ ಎಂಬ ಈ ಸಾಮಾನ್ಯ ಇಂಜಿನಿಯರನಿಗೆ ಇದೆಲ್ಲ ಏಕೆ? ಬೇಡವೆಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ನೀವು ಕೇಳದೆ ಬಿಟ್ಟುಬಿಟ್ಟರೆ ಎಂದು ಹೆದರಿ ಒಪ್ಪಿಕೊಂಡೆ.

ಶ್ರೀಮತಿ ಕೋಲ್ಮನ್ ಅವರಿಗೆ ಕನ್ನಡ ಬಾರದು. ನಮ್ಮ ಕಾರ್ಯದರ್ಶಿ ತೇಜಸ್ವಿನಿ ಪಕ್ಕದಲ್ಲಿ ಕುಳಿತು ನನ್ನ ಮಾತನ್ನೆಲ್ಲ ಅವರ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆ. ಹೇಳಿ ತೇಜಸ್ವಿನಿ, ಹೊಗಳಿಕೆಯ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಿ.

ಸಭಿಕರೇ, ಈ ತಾಯಿಯ ಮುತ್ತಾತ ಗುಲಾಮರಾಗಿದ್ದವರು. ಸಂತೆಯಲ್ಲಿ ಹಲ್ಲು ನೋಡಿ ಮಾರಿದ್ದರಂತೆ. ಗುಲಾಮಗಿರಿ ಹೋಯಿತು, ಕಾಗದದ ಮೇಲೆ ಪೌರತ್ವವೂ ಬಂತು. ಮನೆ ಮಾತ್ರ ಸಿಗಲಿಲ್ಲ! ಅದಕ್ಕಾಗಿ ಅವರ ಜನ ಇನ್ನೂ ನೂರು ವರ್ಷ ಹೋರಾಡಿ, ಏಟು ತಿಂದು, ಬಾಡಿಗೆ ಮನೆಯಲ್ಲಿ ಭೇದ ಮಾಡಬಾರದೆಂಬ ಕಾನೂನು ತಂದರು. ಆ ಕಾನೂನನ್ನು ಬರೆಯುವಾಗ ಬಸವನಗುಡಿಯ ಅನಂತಪದ್ಮನಾಭನ ನೆನಪು ಯಾರಿಗಾದರೂ ಇತ್ತೇ? ಇರಲಿಲ್ಲ. ಆದರೆ ಫಲ ಉಂಡವನು ಯಾರು? ನಾನು!

ಎಪ್ಪತ್ತೆಂಟನೆಯ ಇಸವಿ. ಇಂದುವಿಗೆ ಏಳು ತಿಂಗಳು. ಇದೇ ಫ್ರೀಮಾಂಟಿನಲ್ಲಿ ಒಂದು ಅಪಾರ್ಟ್‌ಮೆಂಟು ಕೇಳಲು ಹೋದೆವು. ಬಿಳಿಯ ಮಾಲೀಕ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದ, ಇವಳ ಕುಂಕುಮ ನೋಡಿದ, ‘ಅಯ್ಯೋ, ಈಗ ತಾನೇ ಹೋಯಿತು’ ಎಂದ. ಕಾರಿನಲ್ಲಿ ಕುಳಿತು ಇಂದು, ‘ರೀ, ನಾವೇನು ಮಾಡಿದ್ವಿ?’ ಎಂದು ಅತ್ತಳು. ಆ ಅಳು ಇಂದಿಗೂ ನನ್ನ ಕಿವಿಯಲ್ಲಿದೆ.

ಆಗ ಸಿಕ್ಕವರೇ ಈ ಕೋಲ್ಮನ್. ಮನೆ ಹಕ್ಕಿನ ಕಚೇರಿಯಲ್ಲಿದ್ದರು. ಅವರು ಕೂಗಾಡಲಿಲ್ಲ. ಅದೇ ಸಂಜೆ ಒಬ್ಬ ಬಿಳಿಯ ಹುಡುಗನನ್ನು ಅಲ್ಲಿಗೆ ಕಳಿಸಿದರು. ಅವನು ಏನೂ ತಿಳಿಯದವನಂತೆ, ‘ಮನೆ ಖಾಲಿ ಇದೆಯಾ? ಯಾವತ್ತಿನಿಂದ ಖಾಲಿ ಇದೆ?’ ಎಂದು ಕೇಳಿದ. ಮಾಲೀಕ ಕಾಫಿ ಕೊಟ್ಟು ಮನೆ ತೋರಿಸಿದ! ಅಲ್ಲಿಗೆ ಸಿಕ್ಕಿಬಿದ್ದ. ಹೀಗೆ ಪರೀಕ್ಷೆಗೆ ಹೋಗುವವರನ್ನು ‘ಟೆಸ್ಟರು’ ಎನ್ನುತ್ತಾರೆ. ಎಂಥ ಉಪಾಯ ನೋಡಿ! ಕಾನೂನು ಪುಸ್ತಕದಲ್ಲೇ ಉಳಿದಿದ್ದರೆ ಊಟಕ್ಕಿಲ್ಲದ ಉಪ್ಪಿನಕಾಯಿ. ಈ ತಾಯಿ ಅದನ್ನು ನನ್ನ ಎಲೆಗೆ ಬಡಿಸಿದರು. ಆ ಮನೆಯಲ್ಲೇ ನಮ್ಮ ಹಂಸಾ ಹುಟ್ಟಿದಳು.

ಮುಂದೆ ನಾನೂ ಬಲಗೈ ಎತ್ತಿ ಪ್ರಮಾಣ ಮಾಡಿ ಈ ದೇಶದ ಪ್ರಜೆಯಾದೆ. ದೇವರ ದಯದಿಂದ ಈಗ ನನಗೇ ನಾಲ್ಕು ಮನೆಗಳ ಒಂದು ಕಟ್ಟಡವಿದೆ; ಒಂದರಲ್ಲಿ ನಾವು, ಮೂರು ಬಾಡಿಗೆಗೆ. ಈ ಡಾಟ್‌ಕಾಮ್ ಗಲಾಟೆಯಲ್ಲಿ ಬಾಡಿಗೆ ಮನೆ ಎಂದರೆ ಬಂಗಾರ. ಒಂದು ಖಾಲಿಯಾದರೆ ಮದುವೆ ಮನೆಯ ಊಟದಂತೆ ಸಾಲು! ಆದರೂ ನಾನು ಬಣ್ಣ ನೋಡಿದವನಲ್ಲ. ಚೀನಾದವರಿಗೆ ಕೊಟ್ಟಿದ್ದೇನೆ, ಬಿಳಿಯರಿಗೆ ಕೊಟ್ಟಿದ್ದೇನೆ. ಅವರನ್ನು ಏನೂ ಕೇಳುವುದಿಲ್ಲ. ನಮ್ಮವರಾದರೆ ಮಾತ್ರ ಸ್ವಲ್ಪ ವಿಚಾರಿಸುತ್ತೇನೆ. ನಮ್ಮವರನ್ನು ನಾವೇ ವಿಚಾರಿಸದಿದ್ದರೆ ಇನ್ಯಾರು ವಿಚಾರಿಸಬೇಕು?

ತೇಜಸ್ವಿನಿ, ಇದು ನಮ್ಮ ನಮ್ಮೊಳಗಿನ ಮಾತು, ಹೇಳುವುದು ಬೇಡ.

ಪಕ್ಕದ ಮನೆಯೆಂದ ಮೇಲೆ ಇಂದು ಅವರ ಮಡಿ ಇದೆ, ಅಡಿಗೆಯ ವಾಸನೆ ಇದೆ. ಹಾಗೆಂದು ‘ನೀವು ಯಾವ ಜನ?’ ಎಂದು ಬಾಯಿಬಿಟ್ಟು ಕೇಳಲಾಗುತ್ತದೆಯೇ? ಅಸಭ್ಯ! ಆದ್ದರಿಂದ ಪ್ರೀತಿಯಿಂದ ಬೆನ್ನು ತಟ್ಟುತ್ತೇನೆ. ಅಂಗಿಯ ಒಳಗೆ ಜನಿವಾರವಿದ್ದರೆ ಎಡಭುಜದ ಹತ್ತಿರ ಬೆರಳಿಗೆ ತಾನೇ ಹೇಳುತ್ತದೆ. ಈ ದೇಶದ ಕಾನೂನಿಗೆ ಎಲ್ಲ ಬಣ್ಣಗಳ ಹೆಸರೂ ಗೊತ್ತು, ನಮ್ಮ ಜಾತಿಗಳ ಹೆಸರು ಮಾತ್ರ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ನೆಮ್ಮದಿ.

ಹೋದ ತಿಂಗಳು ಮಂಡ್ಯದ ಕಡೆಯ ನಾಗರಾಜು ಎಂಬ ಹುಡುಗ ಬಂದಿದ್ದ. ಒಳ್ಳೆಯ ಕೆಲಸ, ಒಳ್ಳೆಯ ನಡತೆ. ‘ಸಾರ್, ನಮ್ಮನೆಯವ್ರಿಗೆ ಏಳು ತಿಂಗ್ಳು. ಕಂಪ್ನಿ ಗೆಸ್ಟ್‌ಹೌಸಲ್ಲಿ ಆರು ಜನಕ್ಕೆ ಒಂದೇ ಬಾತ್‌ರೂಮು. ಅವಳಿಗೆ ತುಂಬಾ ಕಷ್ಟ ಆಗ್ತೈತೆ ಸಾರ್’ ಎಂದ. ನನಗೆ ಕರುಳು ಚುರ್ ಎಂದಿತು. ಎದ್ದು ಬೆನ್ನು ತಟ್ಟಿದೆ. ಅಂಗಿ ನುಣ್ಣಗಿತ್ತು. ‘ಅಯ್ಯೋ ನಾಗರಾಜು, ಈಗ ತಾನೇ ಹೋಯಿತಪ್ಪ’ ಎಂದೆ. ಮನಸ್ಸಿಗೆ ನೋವಾಗದಂತೆ ಹೇಳುವುದೂ ಒಂದು ಸಂಸ್ಕಾರವಲ್ಲವೇ?

ಅದೇ ಸಂಜೆ ಪ್ರದ್ಯುಮ್ನ ಎಂಬ ಇನ್ನೊಬ್ಬ ಹುಡುಗ ಬಂದ. ಬೆನ್ನು ತಟ್ಟಿದೆ, ಸಿಕ್ಕಿತು! ಕಾಫಿ ಕೊಟ್ಟು ಮನೆಯನ್ನೆಲ್ಲ ತೋರಿಸಿದೆ. ಅವನಿಗೇನೋ ಅನುಮಾನ. ‘ಸಾರ್, ನಿಜವಾಗ್ಲೂ ಖಾಲಿ ಇದೆಯಾ? ಯಾವತ್ತಿನಿಂದ ಖಾಲಿ ಇದೆ?’ ಎಂದು ಎರಡೆರಡು ಸಲ ಕೇಳಿದ. ‘ತಿಂಗಳಿಂದ ಇದೆಯಪ್ಪ, ನಿಮ್ಮಂಥವರಿಗೇ ಕಾಯ್ತಿದ್ದೆ’ ಎಂದೆ. ಹೋದವನು ತಿರುಗಿ ಬರಲೇ ಇಲ್ಲ. ಈಗಿನ ಹುಡುಗರಿಗೆ... ಓ, ಅಲ್ಲೇ ಇದ್ದಾನೆ! ಮೂರನೆಯ ಸಾಲಿನಲ್ಲಿ. ಏನಪ್ಪ ಪ್ರದ್ಯುಮ್ನ, ಪಕ್ಕದಲ್ಲಿರುವುದು ನಮ್ಮ ನಾಗರಾಜು ಅಲ್ಲವೇ? ನೀವಿಬ್ಬರೂ ಸ್ನೇಹಿತರೇ? ನನಗೆ ತಿಳಿದೇ...

ಯಾವತ್ತಿನಿಂದ ಖಾಲಿ ಇದೆ ಎಂದು... ಕಾಫಿ ಕೂಡ...

ಯಾರಾದರೂ ಸ್ವಲ್ಪ ನೀರು ಕೊಡುತ್ತೀರಾ?

ತೇಜಸ್ವಿನಿ, ಬೇಡವೆಂದಿದ್ದೆನಲ್ಲ! ಅಲ್ಲಿಂದ ಇಲ್ಲಿಯವರೆಗೆ ಒಂದನ್ನೂ ಬಿಡದೆ ಹೇಳಿದಿರೇ? ಬೆನ್ನಿನ ವಿಷಯವನ್ನೂ?

ಸಭಿಕರೇ, ನಾನು ಹೇಳುತ್ತಿದ್ದುದು ಹಾಸ್ಯಕ್ಕೆ. ನಾಗರಾಜು ಅವರೇ, ಮನೆ ಖಾಲಿ ಇದೆ, ಇಂದೇ ಬೀಗದಕೈ ತೆಗೆದುಕೊಳ್ಳಿ. ನಿಮ್ಮ ಮನೆಯವರು ಏಕೆ ಹಾಗೆ ನನ್ನನ್ನೇ ನೋಡುತ್ತಿದ್ದಾರೆ? ತಲೆ ಅಲ್ಲಾಡಿಸಬೇಡಿ ತಾಯಿ. ಇಂದು, ನೀನೇಕೆ ಎದ್ದೆ? ಎಲ್ಲಿಗೆ ಹೊರಟೆ? ಅವರ ಪಕ್ಕದಲ್ಲಿ ಕೂರುವುದಕ್ಕೇ?

ಶ್ರೀಮತಿ ಕೋಲ್ಮನ್ ಅವರೂ ಏಳುತ್ತಿದ್ದಾರೆ. ಬರುತ್ತಿದ್ದಾರೆ. ಚಪ್ಪಾಳೆ ತಟ್ಟಿ, ದಯವಿಟ್ಟು ಯಾರಾದರೂ ಚಪ್ಪಾಳೆ ತಟ್ಟಿ. ಅವರು ನನ್ನ ಬೆನ್ನು ತಟ್ಟುತ್ತಿದ್ದಾರೆ, ಇಪ್ಪತ್ತೊಂದು ವರ್ಷದ ಸ್ನೇಹ ನೋಡಿ! ಆದರೆ ಕೈ ತೆಗೆಯುತ್ತಿಲ್ಲ. ನಿಧಾನವಾಗಿ ಮೇಲೆ ಹೋಗುತ್ತಿದೆ, ಏನೋ ಹುಡುಕುವಂತೆ. ಎಡಭುಜದ ಹತ್ತಿರ ನಿಂತಿದೆ.

ಸಿಕ್ಕಿತು ಅವರಿಗೆ.

ಸನ್ಮಾನಿಸಿದ ಬಳಗಕ್ಕೆ, ಅಧ್ಯಕ್ಷರಿಗೆ, ಭಾಷಾಂತರವನ್ನು ಇಷ್ಟು ಚೆನ್ನಾಗಿ ಮಾಡಿದ ತೇಜಸ್ವಿನಿಯವರಿಗೆ ನನ್ನ ವಂದನೆಗಳು. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕೆಂದು ಕೋರುತ್ತೇನೆ. ನಮಸ್ಕಾರ.