ನಳಿಗೆಯ ಮೇಲಿನ ಹೆಸರು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನ್ನ ಪುಸ್ತಕವನ್ನು ಈಗತಾನೇ ಬಿಡುಗಡೆ ಮಾಡಿದ ಮುಖ್ಯ ಅತಿಥಿಗಳೇ, ಬಂದೂಕು ವ್ಯಾಪಾರಿಗಳ ಸಂಘದ ಪದಾಧಿಕಾರಿಗಳೇ, ಬೇಗ ಬಂದು ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ,

ಕಾರ್ಯದರ್ಶಿಗಳು ನನ್ನನ್ನು ಪರಿಚಯಿಸುತ್ತಾ, ಹಳೆಯ ಬ್ರಿಟಿಷ್ ಬೇಟೆ ಬಂದೂಕುಗಳನ್ನು ನಿಜವಾಗಿ ತಯಾರಿಸಿದವರು ಯಾರೆಂದು ಪತ್ತೆ ಹಚ್ಚಿದ ಸಂಶೋಧಕರು ಎಂದರು. ಒಂದು ಫಲಕವನ್ನೂ ಕೊಟ್ಟರು. ಅದರ ಮೇಲೆ ನನ್ನ ಹೆಸರನ್ನು ಚೆನ್ನಾಗಿಯೇ ಕೆತ್ತಿಸಿದ್ದಾರೆ. ಹೆಸರು ಕೆತ್ತಿಸುವ ವಿಷಯದಲ್ಲಿ ನಮ್ಮ ಮನೆತನಕ್ಕೆ ಸ್ವಲ್ಪ ಅನುಭವವಿರುವುದರಿಂದ ಈ ಮಾತು ಹೇಳುತ್ತಿದ್ದೇನೆ.

ನಮ್ಮ ತಂದೆಯವರ ಅಂಗಡಿ ದೊಡ್ಡ ರಸ್ತೆಯ ಎಡಗಡೆ ಇತ್ತು. ಹೊರಗೆ ‘ಬಂದೂಕು ತಯಾರಕರು’ ಎಂಬ ಬೋರ್ಡು. ಒಳಗೆ ಏನಿತ್ತು? ಒಂದು ಗಾಜಿನ ಬೀರು, ಎಣ್ಣೆ ಬಟ್ಟೆ, ಗಿರಾಕಿಗಳಿಗೆ ಎರಡು ಕುರ್ಚಿ. ಕುಲುಮೆ ಇರಲಿಲ್ಲ, ಲೇತ್ ಇರಲಿಲ್ಲ. ಎಲ್ಲಿ ತಯಾರಿಸುತ್ತೀರಿ ಎಂದು ಯಾರಾದರೂ ಕೇಳಿದರೆ? ಮೂವತ್ತು ವರ್ಷ ಯಾರೂ ಕೇಳಲಿಲ್ಲ. ಬೋರ್ಡು ಓದಿಕೊಂಡು ಒಳಗೆ ಬಂದವರು ಕಣ್ಣಿಗೆ ಕಂಡದ್ದನ್ನು ಯಾಕೆ ನಂಬುತ್ತಾರೆ ಹೇಳಿ?

ಬಂದೂಕುಗಳು ಬರುತ್ತಿದ್ದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ, ಮರದ ಪೆಟ್ಟಿಗೆಯಲ್ಲಿ. ಅಲ್ಲಿಯ ಓಣಿಗಳ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಒಬ್ಬ ನಳಿಗೆ ಕೊರೆದರೆ, ಇನ್ನೊಬ್ಬ ಮರದ ಹಿಡಿ ತಿಕ್ಕುತ್ತಿದ್ದ. ನಳಿಗೆಯ ಮೇಲೆ ಹೆಸರಿನ ಜಾಗ ಮಾತ್ರ ಖಾಲಿ. ಯಾವ ಅಂಗಡಿಯವರು ಕೊಂಡರೋ ಅವರ ಹೆಸರು ಅಲ್ಲಿ ಕೂರುತ್ತಿತ್ತು. ಹಾಗಾದರೆ ಮಾಡಿದವನಿಗೆ ಏನು ಉಳಿಯಿತು? ನಳಿಗೆಯ ಕೆಳಗೆ ಕೈ ಹಿಡಿಯುವ ಮರದ ತುಂಡು ಕಳಚಿದರೆ ನಳಿಗೆಯ ತಳದಲ್ಲಿ ಅವನ ಹೆಸರಿನ ಎರಡು ಅಕ್ಷರ, ಅಕ್ಕಿಕಾಳಿನಷ್ಟು. ಇದು ಮೋಸವೇ? ಅಲ್ಲ ಸಭಿಕರೇ, ಇದು ವ್ಯಾಪಾರದ ಪದ್ಧತಿ. ಹಾಗೆಂದು ನಮ್ಮ ತಂದೆ ಹೇಳುತ್ತಿದ್ದರು, ತಂದೆಯ ಮಾತು ಮೀರುವವನು ನಾನಲ್ಲ.

ಆ ಹೆಸರನ್ನು ಹಿಂದಿನ ಕೋಣೆಯಲ್ಲಿ ಕೂತು ಕೆತ್ತುತ್ತಿದ್ದವಳು ನಮ್ಮ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಉಕ್ಕಿನ ಮೇಲೆ ಉಳಿ ಇಟ್ಟರೆ ಕೈ ನಡುಗುತ್ತಿರಲಿಲ್ಲ. ನನಗೂ ಒಮ್ಮೆ ಉಳಿ ಕೊಟ್ಟು ನೋಡಿದರು. ಆಮೇಲೆ ನನ್ನನ್ನು ಕೌಂಟರಿನಲ್ಲಿ ಕೂರಿಸಿದರು.

ರಸ್ತೆಯ ಬಲಗಡೆ ಎದುರಂಗಡಿ. ಅವರೂ ತಯಾರಕರೇ. ನಮ್ಮ ಗಿರಾಕಿಗಳು ಅವರ ಬಂದೂಕನ್ನು ನಲ್ಲಿ ಪೈಪು ಎನ್ನುತ್ತಿದ್ದರು, ಅವರ ಗಿರಾಕಿಗಳು ನಮ್ಮದನ್ನು ಊರುಗೋಲು ಎನ್ನುತ್ತಿದ್ದರು. ಯಾರದು ಮೇಲು ಎಂಬುದಕ್ಕೆ ಇಬ್ಬರು ವಕೀಲರು ಕೋರ್ಟಿನ ಆವರಣದಲ್ಲೇ ಕಾಲರ್ ಹಿಡಿದುಕೊಂಡದ್ದುಂಟು. ನಮ್ಮ ತಂದೆ ಮತ್ತು ಎದುರಂಗಡಿಯ ಯಜಮಾನರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ದಿನ ಪೆಟ್ಟಿಗೆ ಬಂತು. ಕಳುಹಿಸಿದವರು ಈ ಸಲ ನಮಗೆ ಉಪಕಾರವಾಗಲೆಂದು ಹೆಸರನ್ನೂ ತಾವೇ ಕೆತ್ತಿದ್ದರು. ಅಕ್ಕ ಮೇಣದ ಕಾಗದ ಬಿಡಿಸಿದಳು. ನಳಿಗೆಯ ಮೇಲೆ ಥಳಥಳ ಹೊಳೆಯುತ್ತಿದ್ದದ್ದು ಎದುರಂಗಡಿಯವರ ಹೆಸರು! ನಮ್ಮ ಪೆಟ್ಟಿಗೆ ಅವರಿಗೆ, ಅವರದು ನಮಗೆ ಬಂದಿತ್ತು. ಅಕ್ಕ ಮರ ಕಳಚಿ ತಳ ನೋಡಿದಳು. ಬೀರುವಿನಿಂದ ನಮ್ಮದೊಂದನ್ನು ತೆಗೆದು ಪಕ್ಕದಲ್ಲಿಟ್ಟು, “ಅಪ್ಪ, ಎರಡೂ ಒಬ್ಬನೇ ಮಾಡಿದ್ದು” ಎಂದಳು. ಅಪ್ಪ “ಮೆಲ್ಲಗೆ ಮಾತಾಡು” ಎಂದರು.

ಆಮೇಲೆ ನಮ್ಮ ತಂದೆ ಪೆಟ್ಟಿಗೆ ಹೊತ್ತು ಹೊರಗೆ ಬಂದರು. ಅತ್ತ ಕಡೆಯಿಂದ ಅವರೂ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ನಡುರಸ್ತೆಯಲ್ಲಿ ತುಟಿ ಬಿಚ್ಚದೆ ಅದಲುಬದಲು ಮಾಡಿಕೊಂಡು ಹಿಂದಿರುಗಿದರು. ಮಾರನೆಯ ದಿನದಿಂದ ಇಬ್ಬರೂ ‘ಯಜಮಾನರೇ, ಚೆನ್ನಾಗಿದ್ದೀರಾ’ ಎಂದು ವಿಚಾರಿಸಿಕೊಳ್ಳತೊಡಗಿದರು. ಗಿರಾಕಿಗಳ ಜಗಳವನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ, ಅದು ನಿಂತರೆ ವ್ಯಾಪಾರವೂ ನಿಲ್ಲುತ್ತಿತ್ತಲ್ಲ.

ಅಂದಿನಿಂದ ಅಕ್ಕ ರಿಪೇರಿಗೆ ಬಂದ ಪ್ರತಿಯೊಂದು ಬಂದೂಕಿನ ತಳ ನೋಡಿದಳು. ಯಾವ ಅಕ್ಷರ, ಯಾವ ಮುದ್ರೆ, ತಿರುಪಿನ ತಲೆ ಹೇಗಿದೆ, ಮರದ ಒಳಗೆ ಉಳಿ ಯಾವ ಕಡೆಗೆ ಓಡಿದೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ನಲವತ್ತೊಂದು ವರ್ಷ, ಹತ್ತೊಂಬತ್ತು ನೋಟ್‌ಬುಕ್ಕು. ಆ ಅಕ್ಷರಗಳು ಯಾರವೆಂದು ಕೇಳಿ ಇಂಗ್ಲೆಂಡಿಗೆ ಪತ್ರಗಳನ್ನೂ ಬರೆದಳು. ಸಹಿ ನಾನು ಹಾಕುತ್ತಿದ್ದೆ. ಯಾಕೆ? ಅಂಗಡಿ ನನ್ನ ಹೆಸರಿಗೆ ಬಂದಿತ್ತು. ಹೆಂಗಸು ಬಿಚ್ಚಿದ ಬಂದೂಕನ್ನು ಗಿರಾಕಿಗಳು ಮುಟ್ಟುವುದಿಲ್ಲವೆಂದು ನಾನೇ ಪರದೆ ಸರಿಸಿ ಒಳಗೆ ಒಯ್ಯುತ್ತಿದ್ದೆ, ನಾನೇ ಹೊರಗೆ ತರುತ್ತಿದ್ದೆ. ‘ಸ್ಪ್ರಿಂಗ್ ಸೋತಿತ್ತು, ಸರಿಮಾಡಿದ್ದೀನಿ’ ಎನ್ನುತ್ತಿದ್ದೆ. ತರುವ ಮುಂಚೆ ಕೈಗೆ ಒಂದಿಷ್ಟು ಎಣ್ಣೆ ಸವರಿಕೊಳ್ಳುತ್ತಿದ್ದೆ. ಇದನ್ನು ಭಾಷಣದಲ್ಲಿ ಬರೆದುಕೊಂಡಿರಲಿಲ್ಲ. ಇರಲಿ, ಪುಸ್ತಕದ ವಿಷಯಕ್ಕೆ ಬರೋಣ.

ಅಧ್ಯಕ್ಷರು ಒಂದು ಚೀಟಿ ಕೊಡುತ್ತಿದ್ದಾರೆ. ಮುಖ್ಯ ಅತಿಥಿಗಳು ತಮ್ಮ ತಾತನವರ ಬಂದೂಕನ್ನು ತಂದಿದ್ದಾರಂತೆ. ಅದನ್ನು ಮಾಡಿದವರು ಯಾರೆಂದು ನಾನು ಇಲ್ಲಿಯೇ ಬಿಚ್ಚಿ ಹೇಳಬೇಕಂತೆ. ಆಗಲಿ, ಕೊಡಿ. ಮರ ಕಳಚಿದ್ದಾಯಿತು. ತಳದಲ್ಲಿ ಅಕ್ಷರವಿದೆ, ಮುದ್ರೆಯಿದೆ. ಇದು ಬಹಳ ಒಳ್ಳೆಯ ಬಂದೂಕು. ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ನನಗೆ ಗೊತ್ತಾಗುತ್ತಿಲ್ಲ.

ಧೈರ್ಯವಾಗಿ ಯಾವುದೋ ಒಂದು ಹೆಸರು ಹೇಳಿಬಿಡಬಹುದು. ಅದು ಸುಳ್ಳೆಂದು ಈ ಸಭಾಂಗಣದಲ್ಲಿ ತಿಳಿಯುವುದು ಒಬ್ಬಳಿಗೇ. ಅವಳು ಬಾಗಿಲ ಬಳಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಾಳೆ. ನಾನು ಏನು ಹೇಳಿದರೂ ಸುಮ್ಮನಿರುತ್ತಾಳೆ, ಇಷ್ಟು ವರ್ಷವೂ ಹಾಗೆಯೇ ಇದ್ದಳು. ನನಗೆ ನಾಚಿಕೆಯಾಗುತ್ತಿದೆ, ಸಭಿಕರೇ.

ಅಕ್ಕ, ಮೇಲೆ ಬಾ. ಮರ್ಯಾದೆಗೆ ಕರೀತಿಲ್ಲ, ನಂಗೆ ನಿಜವಾಗ್ಲೂ ಗೊತ್ತಿಲ್ಲ. ಮೆಟ್ಟಿಲ ಹತ್ರ ವೈರಿದೆ, ನೋಡ್ಕೊಂಡು ಬಾ.

ಅವಳು ಬರುವಷ್ಟರಲ್ಲಿ ಪುಸ್ತಕಕ್ಕೊಂದು ತಿದ್ದುಪಡಿ ಹೇಳಿಬಿಡುತ್ತೇನೆ. ಅಚ್ಚಿನ ಕರಡು ಬಂದಾಗ ಅಕ್ಕ “ನನ್ನ ಹೆಸರು ಎಲ್ಲಿದೆಯೋ?” ಎಂದು ಒಂದೇ ಒಂದು ಸಲ ಕೇಳಿದಳು. ಐದನೇ ಪುಟ ತೋರಿಸಿದೆ. ಓದಿ, ಕನ್ನಡಕ ಮಡಚಿಟ್ಟು ಎದ್ದುಹೋದಳು. ‘ಬರವಣಿಗೆಯ ದಿನಗಳಲ್ಲಿ ಬೇಸರಿಸದೆ ಚಹಾ ಮಾಡಿಕೊಟ್ಟ ಅಕ್ಕನಿಗೆ ಕೃತಜ್ಞತೆಗಳು’ ಎಂದು ಅಲ್ಲಿ ಅಚ್ಚಾಗಿದೆ. ಸಭಿಕರೇ, ನಮ್ಮ ಮನೆಯಲ್ಲಿ ಚಹಾ ಮಾಡುವವನು ನಾನು. ಇಡೀ ಪುಸ್ತಕದಲ್ಲಿ ನನ್ನ ಕೈಯಾರೆ ಆದ ಕೆಲಸ ಅದೊಂದೇ. ಅದನ್ನು ಮಾತ್ರ ಅವಳ ಹೆಸರಿಗೆ ಹಾಕಿದ್ದೇನೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟು ನಾನು ಕೆಳಗೆ ಹೋಗಿ ಕೂರುತ್ತೇನೆ. ನಮಸ್ಕಾರ.